ಕೈಗೆ ಬಂದ ಮೆನು ಬಾಯಿಗೆ ಬರಲಿಲ್ಲ

"ಸಾರ್, ನಿಮ್ಮ ಮೆನು ಬಿಚ್ಚಿಕೊಳ್ತಾನೇ ಇಲ್ವಲ್ಲ."

2005ರ ಒಂದು ಸೋಮವಾರ ಬೆಳಿಗ್ಗೆ ಮಲೆನಾಡಿನ ಪದವಿ ಕಾಲೇಜೊಂದರ ಕಚೇರಿಯಿಂದ ಬಂದ ಫೋನು. ಆ ಕಾಲೇಜಿಗೆ ವೆಬ್‌ಸೈಟ್ ಮಾಡಿಕೊಟ್ಟವರು ನಾವು. ನಾವು ಅಂದರೆ ರಾಜಾಜಿನಗರದ ಜೆರಾಕ್ಸ್ ಅಂಗಡಿಯೊಂದರ ಮಹಡಿಯಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ ಇಬ್ಬರು. ಶನಿವಾರ ರಾತ್ರಿ ಸೈಟ್ ಏರಿಸಿ, ಭಾನುವಾರ ಹಾಯಾಗಿ ನಿದ್ದೆ ಹೊಡೆದಿದ್ದೆವು. ಪುಟದ ಮೇಲ್ಗಡೆ ಒಂದು ನೀಲಿ ಪಟ್ಟಿ, ಅದರಲ್ಲಿ ‘ಕಾಲೇಜು’, ‘ವಿಭಾಗಗಳು’, ‘ಪ್ರವೇಶ’, ‘ಪರೀಕ್ಷೆ’. ‘ವಿಭಾಗಗಳು’ ಮೇಲೆ ಮೌಸ್ ತಂದರೆ ಕೆಳಕ್ಕೆ ಹನ್ನೊಂದು ವಿಭಾಗಗಳ ಪಟ್ಟಿ ಇಳಿಯುತ್ತಿತ್ತು. ನಮ್ಮ ಕಂಪ್ಯೂಟರಿನಲ್ಲಿ.

"ಮೌಸ್ ಅದರ ಮೇಲೆ ಇಟ್ರಾ ಸಾರ್?" ಎಂದೆ.

"ಇಟ್ಟಿದ್ದೂ ಆಯ್ತು, ಒತ್ತಿದ್ದೂ ಆಯ್ತು. ಪ್ರಿನ್ಸಿಪಾಲ್ರು ಇಲ್ಲೇ ಪಕ್ಕದಲ್ಲಿ ನಿಂತಿದಾರೆ."

"ಯಾವ ಬ್ರೌಸರ್?"

"ಅಂದ್ರೆ?"

"ಇಂಟರ್ನೆಟ್ಟಿಗೆ ಹೋಗೋಕೆ ಯಾವುದನ್ನ ಒತ್ತುತೀರಿ ಸಾರ್?"

"ಅದೇ... ನೀಲಿ ಇ."

ಅಲ್ಲಿಗೆ ಕಥೆ ಅರ್ಥವಾಯಿತು. ಆ ‘ನೀಲಿ ಇ’ ಎಂಬುದು ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 6. ಅದು ಹೊರಬಂದದ್ದು 2001ರ ಆಗಸ್ಟ್‌ನಲ್ಲಿ. ಒಂದೆರಡು ವರ್ಷದಲ್ಲಿ ಜಗತ್ತಿನಲ್ಲಿ ಇಂಟರ್ನೆಟ್ ನೋಡುವ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಎಕ್ಸ್‌ಪ್ಲೋರರ್‌ ಹಿಡಿದಿದ್ದರು. ನಾವಿಬ್ಬರೋ, 2004ರ ನವೆಂಬರಿನಲ್ಲಿ ಬಂದಿದ್ದ ಫೈರ್‌ಫಾಕ್ಸ್‌ಗೆ ಮರುಳಾಗಿ, ಎಲ್ಲವನ್ನೂ ಅದರಲ್ಲೇ ಮಾಡಿ ಅದರಲ್ಲೇ ನೋಡಿ ಮೆಚ್ಚಿಕೊಂಡಿದ್ದೆವು.

ನೋಡುವವರಿಗೆ ಡ್ರಾಪ್‌ಡೌನ್ ಮೆನು ಏನೂ ಅಲ್ಲ. ಹತ್ತಿರ ಹೋದರೆ ಇಳಿಯಬೇಕು, ದೂರ ಹೋದರೆ ಮುಚ್ಚಬೇಕು. ಮಾಡುವವರನ್ನು ಮಾತ್ರ ಅದು ಹತ್ತಾರು ವರ್ಷ ಆಟ ಆಡಿಸಿತು. ವೆಬ್‌ಸೈಟ್ ಕಟ್ಟುವ ಕೆಲಸದಲ್ಲಿ ಇಷ್ಟು ಸಣ್ಣ ವಸ್ತುವಿಗಾಗಿ ಇಷ್ಟು ರಾತ್ರಿಗಳನ್ನು ಬಲಿ ಕೊಟ್ಟದ್ದು ಇನ್ನೊಂದಿಲ್ಲ ಎಂದೇ ನನ್ನ ಅಂದಾಜು.

ಇಳಿಯುವ ಮೆನುವನ್ನು ನಮಗೆಲ್ಲ ಮೊದಲು ತೋರಿಸಿದ್ದು ವೆಬ್ ಅಲ್ಲ. ಆಪಲ್ ಕಂಪನಿ 1983ರಲ್ಲಿ ತಂದ ಲಿಸಾ ಎಂಬ ಕಂಪ್ಯೂಟರಿಗಾಗಿ ಬಿಲ್ ಅಟ್ಕಿನ್ಸನ್ ಅದನ್ನು ರೂಪಿಸಿದರು. ಮರುವರ್ಷ ಮ್ಯಾಕಿಂತೋಷ್ ಬಂದಾಗ ಅದೂ ಜೊತೆಗೆ ಬಂತು. ಅಲ್ಲಿ ಮೆನು ಇದ್ದದ್ದು ಪರದೆಯ ನೆತ್ತಿಯ ಅಂಚಿನಲ್ಲಿ. ಅದರ ಜಾಣತನ ಗೊತ್ತಾಗಬೇಕಾದರೆ ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿ ಕಂಡುಕೊಂಡ ಲೆಕ್ಕ ನೋಡಬೇಕು. ಗುರಿ ದೂರವಿದ್ದಷ್ಟೂ, ಚಿಕ್ಕದಾದಷ್ಟೂ ಕೈ ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ. ಪರದೆಯ ಅಂಚಿನಲ್ಲಿರುವ ಗುರಿ ಲೆಕ್ಕಕ್ಕೆ ಬಹಳ ದೊಡ್ಡದು, ಏಕೆಂದರೆ ಮೌಸನ್ನು ಎಷ್ಟು ಜೋರಾಗಿ ಮೇಲಕ್ಕೆ ತಳ್ಳಿದರೂ ಬಾಣ ಅಂಚಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಇನ್ನೊಂದು ಅನುಕೂಲವೂ ಇತ್ತು. ಗುಂಡಿ ಒತ್ತಿ ಹಿಡಿದರೆ ತಾನೇ ಆ ಮೆನು ತೆರೆಯುತ್ತಿದ್ದದ್ದು? ಕೈ ತಪ್ಪಿ ತೆರೆದುಕೊಳ್ಳುವ ಮಾತೇ ಇರಲಿಲ್ಲ.

ವೆಬ್ ಆ ಮೆನುವನ್ನು ಸಾಲ ತಂದಿತು, ಅಂಚನ್ನು ತರಲಿಲ್ಲ. ಪುಟದ ನೆತ್ತಿಯ ಮೇಲೆ ಬ್ರೌಸರಿನ ವಿಳಾಸ ಪಟ್ಟಿ, ಗುಂಡಿಗಳು, ಆ ಕಾಲದಲ್ಲಾದರೆ ಯಾರೋ ಅಂಟಿಸಿದ ಎರಡು ಮೂರು ಟೂಲ್‌ಬಾರ್. ಮೆನು ಇದ್ದದ್ದು ಅದರ ಕೆಳಗೆ, ನಡುಬೀದಿಯಲ್ಲಿ. ಅದರ ಜೊತೆಗೆ ಒತ್ತಿದರೆ ತೆರೆಯುವುದರ ಬದಲು ಸುಮ್ಮನೆ ಸುಳಿದರೂ ತೆರೆಯಲಿ ಎಂಬ ಉದಾರ ಬುದ್ಧಿ ನಮ್ಮವರಿಗೆ ಬಂತು. ಹಾದುಹೋಗುವವರ ಕಾಲಿಗೆಲ್ಲ ತೊಡರುವ ಬಾಗಿಲು ಅದು.

ಮೊದಮೊದಲು ಅದನ್ನು ಮಾಡುತ್ತಿದ್ದದ್ದು ಜಾವಾಸ್ಕ್ರಿಪ್ಟಿನಲ್ಲಿ. 1997ರಲ್ಲಿ ನೆಟ್‌ಸ್ಕೇಪ್ 4 ಮತ್ತು ಎಕ್ಸ್‌ಪ್ಲೋರರ್ 4 ಒಂದರ ಬೆನ್ನಿಗೆ ಒಂದು ಬಂದವು. ಪುಟದಲ್ಲಿರುವ ವಸ್ತುಗಳನ್ನು ಪುಟ ತೆರೆದ ಮೇಲೂ ಅಲುಗಿಸಬಹುದು, ಅಡಗಿಸಬಹುದು ಎಂದು ಎರಡೂ ಹೇಳಿದವು. ಹೇಗೆ ಎಂಬಲ್ಲಿ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ನೆಟ್‌ಸ್ಕೇಪಿಗೆ ‘ಡಾಕ್ಯುಮೆಂಟ್ ಡಾಟ್ ಲೇಯರ್ಸ್’ ಎನ್ನಬೇಕು, ಎಕ್ಸ್‌ಪ್ಲೋರರಿಗೆ ‘ಡಾಕ್ಯುಮೆಂಟ್ ಡಾಟ್ ಆಲ್’ ಎನ್ನಬೇಕು. ಹಾಗಾಗಿ ಒಂದೇ ಮೆನುವಿಗೆ ಎರಡು ಸಲ ಕೋಡ್. ಸಾಲದ್ದಕ್ಕೆ ನೆಟ್‌ಸ್ಕೇಪ್ 4ರಲ್ಲಿ ಕಿಟಕಿಯ ಅಳತೆ ಬದಲಿಸಿದರೆ ಸಾಕು, ಜೋಡಿಸಿಟ್ಟದ್ದೆಲ್ಲ ಚೆಲ್ಲಾಪಿಲ್ಲಿ. ಅದಕ್ಕೆ ಎಲ್ಲರೂ ಬಳಸುತ್ತಿದ್ದ ಪರಿಹಾರವೆಂದರೆ, ಕಿಟಕಿ ಅಲುಗಿದ ಕೂಡಲೇ ಇಡೀ ಪುಟವನ್ನೇ ಮತ್ತೆ ತರಿಸುವ ಒಂದು ತುಣುಕು ಕೋಡ್. ಫೋನಿನ ತಂತಿಯಲ್ಲಿ ತೆವಳಿಕೊಂಡು ಬರುತ್ತಿದ್ದ ಇಂಟರ್ನೆಟ್ಟಿನ ದಿನಗಳಲ್ಲಿ!

1998ರ ಅಕ್ಟೋಬರಿನಲ್ಲಿ ವೆಬ್‌ನ ನಿಯಮ ಬರೆಯುವ ಡಬ್ಲ್ಯು3ಸಿ ಇಬ್ಬರಿಗೂ ಒಪ್ಪುವ ಒಂದು ದಾರಿ ತೋರಿಸಿತು. ಬ್ರೌಸರುಗಳು ಅದಕ್ಕೆ ಬಗ್ಗಲು ಇನ್ನೂ ಎರಡು ವರ್ಷ ಬೇಕಾಯಿತು.

ಆಮೇಲೆ 2003ರ ಕೊನೆಯಲ್ಲಿ ಪ್ಯಾಟ್ರಿಕ್ ಗ್ರಿಫಿತ್ಸ್ ಮತ್ತು ಡ್ಯಾನ್ ವೆಬ್ ಎಂಬಿಬ್ಬರು ಎ ಲಿಸ್ಟ್ ಅಪಾರ್ಟ್ ಎಂಬ ಆನ್‌ಲೈನ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಸಕರ್‌ಫಿಶ್ ಎಂದು ಅವರು ತಮ್ಮ ಮೆನುವಿಗೆ ಇಟ್ಟ ಹೆಸರು. ದೊಡ್ಡ ಮೀನಿಗೆ ಅಂಟಿಕೊಂಡು ಸಾಗುವ ಒಂದು ಮೀನು ಅದು. ಅವರ ಐಡಿಯಾ ಬಲು ಸರಳ. ಮೆನು ಅಂದರೆ ಕೊನೆಗೂ ಒಂದು ಪಟ್ಟಿ ತಾನೆ? ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯದ ಕೆಳಗೆ ಉಪಶೀರ್ಷಿಕೆ ಬರೆಯುವ ಹಾಗೆ ಪಟ್ಟಿಯೊಳಗೆ ಪಟ್ಟಿ ಬರೆಯಿರಿ. ಒಳಪಟ್ಟಿಯನ್ನು ಕಣ್ಣಿಗೆ ಬೀಳದ ಹಾಗೆ ಅಡಗಿಸಿಡಿ. ಮೌಸ್ ಮೇಲೆ ಬಂದಾಗ ವಾಪಸ್ಸು ಕರೆಯಿರಿ. ಇಷ್ಟನ್ನೂ ಅಲಂಕಾರದ ಭಾಷೆಯಾದ ಸಿಎಸ್‌ಎಸ್ ಒಂದೇ ಮಾಡಬಲ್ಲದು. ಅದರಲ್ಲಿ ‘ಹೋವರ್’ ಎಂಬ ಮಾತಿದೆ. ಮೌಸ್ ನಿಂತಾಗ ಈ ವಸ್ತು ಹೀಗಿರಲಿ ಎಂದು ಹೇಳುವ ಮಾತು.

ಎಕ್ಸ್‌ಪ್ಲೋರರ್ 6ಕ್ಕೂ ಹೋವರ್ ಗೊತ್ತಿತ್ತು, ಲಿಂಕುಗಳ ಮೇಲೆ ಮಾತ್ರ. ಪಟ್ಟಿಯ ಸಾಲಿನ ಮೇಲೆ ಮೌಸ್ ನಿಂತರೆ ಅದಕ್ಕೆ ಕಿವಿಯೇ ಕೇಳಿಸದು. ನಮ್ಮ ಕಾಲೇಜಿನ ಮೆನು ಬಿಚ್ಚಿಕೊಳ್ಳದಿದ್ದದ್ದು ಇದರಿಂದ. ಅದಕ್ಕೂ ಆ ಲೇಖನದಲ್ಲೇ ಮದ್ದಿತ್ತು. ಕೆಲವೇ ಸಾಲಿನ ಜಾವಾಸ್ಕ್ರಿಪ್ಟ್, ಎಕ್ಸ್‌ಪ್ಲೋರರಿಗೆ ಮಾತ್ರ. ಮೌಸ್ ಬಂದರೆ ಆ ಸಾಲಿಗೆ ಒಂದು ಹೆಸರು ಅಂಟಿಸು, ಹೋದರೆ ಕಿತ್ತುಹಾಕು. ನಾವು ಲೇಖನವನ್ನು ಅರ್ಧ ಓದಿ ಎದ್ದಿದ್ದೆವು, ಅಷ್ಟೆ.

ಆ ಸಾಲುಗಳನ್ನು ಸೇರಿಸಿ ಮಂಗಳವಾರ ಫೋನು ಮಾಡಿದೆ. ಮೆನು ಬಿಚ್ಚಿಕೊಂಡಿತ್ತು. "ಆದ್ರೆ ಸಾರ್," ಎಂದರು ಗುಮಾಸ್ತರು, "ಮೆನು ಒಳಗೆ ಜಿಲ್ಲೆ ಕಾಣ್ತಿದೆ."

ಪ್ರವೇಶದ ಪುಟದಲ್ಲಿ ಒಂದು ಅರ್ಜಿ ಇತ್ತು. ಅದರಲ್ಲಿ ಜಿಲ್ಲೆ ಆರಿಸುವ ಡಬ್ಬಿ. ಮೆನು ಇಳಿದು ಅರ್ಜಿಯ ಮೇಲೆ ಹರಡಿಕೊಂಡಾಗ ಮಿಕ್ಕದ್ದೆಲ್ಲ ಅದರ ಅಡಿಗೆ ಹೋಗುತ್ತಿತ್ತು, ಆ ಡಬ್ಬಿ ಮಾತ್ರ ಹಾಸಿಗೆಯ ಕೆಳಗಿಂದ ಎದ್ದ ಮೊಳೆಯಂತೆ ಮೆನುವನ್ನು ಸೀಳಿಕೊಂಡು ಮೇಲೆ ಕಾಣುತ್ತಿತ್ತು. ‘ರಸಾಯನಶಾಸ್ತ್ರ’ದ ಕೆಳಗೆ ‘ಚಿಕ್ಕಮಗಳೂರು’, ಅದರ ಕೆಳಗೆ ‘ಸಸ್ಯಶಾಸ್ತ್ರ’. ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಲು ಸಿಎಸ್‌ಎಸ್‌ನಲ್ಲಿ ಝಡ್-ಇಂಡೆಕ್ಸ್ ಎಂಬ ಅಂಕಿಯಿದೆ. ನಾವು ಮೆನುವಿಗೆ ನೂರು ಕೊಟ್ಟೆವು. ಸಾವಿರ ಕೊಟ್ಟೆವು. ಕೊನೆಗೆ ಸಿಟ್ಟಿನಲ್ಲಿ ಒಂಬತ್ತನ್ನು ಆರು ಸಲ ಒತ್ತಿದೆವು. ಜಿಲ್ಲೆ ಅಲುಗಲಿಲ್ಲ.

ಕಾರಣ ಗೊತ್ತಾದದ್ದು ಆಮೇಲೆ. ಎಕ್ಸ್‌ಪ್ಲೋರರ್ 6 ಆ ಡಬ್ಬಿಯನ್ನು ತಾನು ಬರೆಯುತ್ತಲೇ ಇರಲಿಲ್ಲ, ವಿಂಡೋಸಿಗೆ ಹೇಳಿ ಬರೆಸುತ್ತಿತ್ತು. ಪುಟ ಒಂದು ಹಾಳೆಯಾದರೆ ಡಬ್ಬಿ ಅದರ ಮೇಲಿಟ್ಟ ಬೇರೆಯೇ ಒಂದು ಪುಟ್ಟ ಕಿಟಕಿ. ಹಾಳೆಯೊಳಗಿನ ಗೆರೆಗಳು ತಮ್ಮಲ್ಲೇ ಏನೇ ಪೈಪೋಟಿ ನಡೆಸಿದರೂ ಹಾಳೆಯ ಮೇಲಿಟ್ಟ ಕಲ್ಲಿಗೆ ಏನಾದೀತು? ಅಂಥ ಕಲ್ಲನ್ನು ಮುಚ್ಚುವ ಯೋಗ್ಯತೆ ಇದ್ದದ್ದು ಒಂದಕ್ಕೆ, ಐಫ್ರೇಮ್‌ಗೆ. ಅಂದರೆ ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟಿಗೆ. ಅದರ ವಿಶೇಷವೆಂದರೆ ಅದು ಡಬ್ಬಿಯನ್ನೂ ಮುಚ್ಚುತ್ತಿತ್ತು, ಮೆನುವಿನ ಅಡಿಗೂ ಹೋಗುತ್ತಿತ್ತು. ಹಾಗಾಗಿ ಮೆನು ಇಳಿದಾಗಲೆಲ್ಲ ಅದರ ಅಳತೆಗೆ ಸರಿಯಾಗಿ ಒಂದು ಖಾಲಿ ಐಫ್ರೇಮನ್ನು ಚಾಪೆಯಂತೆ ಕೆಳಗೆ ಹಾಸುವುದು, ಮೆನು ಮುಚ್ಚಿದಾಗ ಸುತ್ತಿಡುವುದು. ಆ ಚಾಪೆ ಖಾಲಿ ಇದ್ದರೆ ಸುರಕ್ಷಿತ ಪುಟಗಳಲ್ಲಿ ‘ಇಲ್ಲಿ ಅಸುರಕ್ಷಿತ ವಸ್ತುಗಳೂ ಇವೆ’ ಎಂದು ಎಕ್ಸ್‌ಪ್ಲೋರರ್ ಹೆದರಿಸುತ್ತಿತ್ತು, ಅದಕ್ಕೊಂದು ಬೇರೆ ಉಪಾಯ. ಏನೂ ತೋರಿಸದ, ಯಾರಿಗೂ ಕಾಣದ ಒಂದು ವಸ್ತುವಿಗಾಗಿ ಜಗತ್ತಿನ ಸಾವಿರಾರು ಜನ ವರ್ಷಗಟ್ಟಲೆ ಕೋಡ್ ಬರೆದರು. 2006ರ ಅಕ್ಟೋಬರಿನಲ್ಲಿ ಎಕ್ಸ್‌ಪ್ಲೋರರ್ 7 ಬಂದಾಗ ಡಬ್ಬಿ ಹೇಳಿದ ಮಾತು ಕೇಳುವಂತಾಯಿತು, ಹೋವರ್ ಕೂಡ ಎಲ್ಲ ವಸ್ತುಗಳಿಗೂ ಬಂತು. ಆರರಿಂದ ಏಳಕ್ಕೆ ಎಣಿಸಲು ಮೈಕ್ರೋಸಾಫ್ಟಿಗೆ ಐದು ವರ್ಷ ಬೇಕಾಗಿತ್ತು.

ನಮ್ಮ ಸೈಟಿಗೆ ಕನ್ನಡದ್ದೇ ಒಂದು ಪಜೀತಿಯೂ ಇತ್ತು. ಆಗ ಯೂನಿಕೋಡ್ ಇನ್ನೂ ಎಲ್ಲೆಡೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಲ್ಲೇ ಬಹುಪಾಲು ಸೈಟುಗಳು ನಡೆಯುತ್ತಿದ್ದವು. ಪುಟದ ಜೊತೆಗೇ ಫಾಂಟನ್ನೂ ಕಳಿಸಿಕೊಡುವ ವ್ಯವಸ್ಥೆ ಎಕ್ಸ್‌ಪ್ಲೋರರಿನಲ್ಲಿತ್ತು. ಫೈರ್‌ಫಾಕ್ಸಿಗೆ ಅಂಥದ್ದು ಬಂದದ್ದು 2009ರಲ್ಲಿ, ಅದೂ ಬೇರೆ ಬಗೆಯಲ್ಲಿ. ನಮ್ಮ ಕಂಪ್ಯೂಟರುಗಳಲ್ಲಿ ಆ ಫಾಂಟ್ ಮೊದಲೇ ಇದ್ದುದರಿಂದ ನಮಗೆ ಎಲ್ಲವೂ ಚೆಂದ. ಫಾಂಟ್ ಇಲ್ಲದವರು ಫೈರ್‌ಫಾಕ್ಸಿನಲ್ಲಿ ತೆರೆದರೆ ಮೆನು ಸೊಗಸಾಗಿ ಇಳಿಯುತ್ತಿತ್ತು, ಅದರ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಎಕ್ಸ್‌ಪ್ಲೋರರಿನಲ್ಲಿ ಕನ್ನಡ ಮುದ್ದಾಗಿ ಕಾಣುತ್ತಿತ್ತು, ಮೆನು ಬಿಚ್ಚುತ್ತಿರಲಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ನನ್ನ ಜೊತೆಗಾರ ಗೋಡೆಯ ಮೇಲೆ ಚೀಟಿ ಅಂಟಿಸಿದ್ದ.

ಇನ್ನೂ ಒಂದಿತ್ತು. ಎಲ್ಲೋ ಸಿಕ್ಕ ಇಂಗ್ಲಿಷ್ ಮೆನುವಿನ ಅಳತೆಗಳನ್ನೇ ನಾವು ಹಾಗೇ ಎತ್ತಿಕೊಂಡಿದ್ದೆವು. ಸಾಲಿನ ಎತ್ತರ ಹದಿನೆಂಟು ಪಿಕ್ಸೆಲ್, ಹೊರಗೆ ಚೆಲ್ಲಿದ್ದನ್ನು ಕತ್ತರಿಸು. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಧಾರಾಳವಾಯಿತು. ಕನ್ನಡಕ್ಕೆ ಕೆಳಗೆ ಒತ್ತಕ್ಷರ ಇಳಿಯಬೇಕಲ್ಲ? ಕತ್ತರಿ ಬಿದ್ದದ್ದು ಅದರ ಕುತ್ತಿಗೆಗೆ. ‘ಅರ್ಥಶಾಸ್ತ್ರ ವಿಭಾಗ’ ಹೋಗಿ ‘ಅರ್ಥಶಾಸ ವಿಭಾಗ’ ಆಗಿತ್ತು. ‘ಕನ್ನಡ ವಿಭಾಗ’ ಎಂಬುದು ‘ಕನಡ ವಿಭಾಗ’. ಕನ್ನಡದ ಮೇಷ್ಟ್ರೊಬ್ಬರು ಅದನ್ನು ಮುದ್ರಿಸಿ, ಕೆಂಪು ಶಾಯಿಯಲ್ಲಿ ತಿದ್ದಿ, ಅಂಚೆಯಲ್ಲಿ ಕಳಿಸಿಕೊಟ್ಟರು. ಅಂಕ ಕೊಟ್ಟಿರಲಿಲ್ಲ. ಈಗಲೂ ಕನ್ನಡದ ಆಪ್ ಒಂದರಲ್ಲಿ ಗುಂಡಿಯ ಮೇಲಿನ ಒತ್ತು ಅರ್ಧಕ್ಕೆ ಕತ್ತರಿಸಿಹೋದದ್ದು ಕಂಡರೆ, ಅದನ್ನು ಮಾಡಿದವರು ಇಂಗ್ಲಿಷಿನಲ್ಲಷ್ಟೇ ನೋಡಿದ್ದಾರೆ ಎಂದು ಹೇಳಿಬಿಡಬಹುದು.

ಇಷ್ಟೆಲ್ಲ ಸರಿಹೋದ ಮೇಲೂ ಮೆನುವಿನ ಮೂಲ ರೋಗ ಹಾಗೇ ಉಳಿದಿತ್ತು. ಅದು ಬ್ರೌಸರಿನದಲ್ಲ, ಕೈಯದು.

ನಿಧಾನವಾಗಿ ನೋಡೋಣ. ‘ವಿಭಾಗಗಳು’ ಮೇಲೆ ಮೌಸ್ ತಂದಿರಿ. ಕೆಳಗೆ ಪಟ್ಟಿ ಇಳಿಯಿತು. ಅದರಲ್ಲಿ ‘ವಿಜ್ಞಾನ’ದ ಮೇಲೆ ನಿಂತಿರಿ. ಬಲಕ್ಕೆ ಇನ್ನೊಂದು ಪಟ್ಟಿ ಬಿಚ್ಚಿಕೊಂಡಿತು. ನಿಮಗೆ ಬೇಕಾದ ‘ಪ್ರಾಣಿಶಾಸ್ತ್ರ’ ಆ ಎರಡನೇ ಪಟ್ಟಿಯಲ್ಲಿ ಐದನೆಯದು, ಅಂದರೆ ಬಲಕ್ಕೆ ಮತ್ತು ಕೆಳಕ್ಕೆ. ಕೈ ಅಲ್ಲಿಗೆ ಓರೆಯಾಗಿ ಹೊರಡುತ್ತದೆ, ಹತ್ತಿರದ ದಾರಿ ಅದೇ ಆದ್ದರಿಂದ. ಓರೆಯಾಗಿ ಹೋಗುವ ಬಾಣ ದಾರಿಯಲ್ಲಿ ಮೊದಲ ಪಟ್ಟಿಯ ‘ವಾಣಿಜ್ಯ’ವನ್ನು ತುಳಿಯುತ್ತದೆ. ತುಳಿದ ಕ್ಷಣವೇ ವಿಜ್ಞಾನದ ಪಟ್ಟಿ ಮಾಯ, ಅದರ ಜಾಗದಲ್ಲಿ ವಾಣಿಜ್ಯದ ಪಟ್ಟಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ವಾಪಸ್ಸು ಹೋಗಿ, ಈ ಸಲ ಉಸಿರು ಬಿಗಿಹಿಡಿದು ನೇರ ಬಲಕ್ಕೆ, ಆಮೇಲೆ ನೇರ ಕೆಳಕ್ಕೆ. ಮೊದಲ ಸಲ ಮೌಸ್ ಹಿಡಿದ ಹಿರಿಯರು ಇದನ್ನು ಮಾಡುವಾಗ ಮುಖ ನೋಡಿದ್ದೇನೆ. ತಪ್ಪು ತಮ್ಮದೇ ಎಂದುಕೊಂಡಿರುತ್ತಾರೆ.

ಇದಕ್ಕೆ ಅಗ್ಗದ ಮದ್ದೆಂದರೆ ತಡ ಮಾಡುವುದು. ಮೌಸ್ ಹೊರಗೆ ಹೋದರೂ ಕಾಲು ಸೆಕೆಂಡೋ ಅರ್ಧ ಸೆಕೆಂಡೋ ಕಾದು ಆಮೇಲೆ ಮುಚ್ಚು. ಕೆಲಸ ನಡೆಯುತ್ತದೆ, ಆದರೆ ಮೆನು ಸೋಮಾರಿಯಂತೆ ಕಾಣುತ್ತದೆ. ಒಳ್ಳೆಯ ಮದ್ದು ಎಂಬತ್ತರ ದಶಕದಲ್ಲೇ ಮ್ಯಾಕಿಂತೋಷಿನಲ್ಲಿತ್ತು. ಅಲ್ಲಿ ಬ್ರೂಸ್ ಟೊಗ್ನಾಜಿನಿ ಬಾಣದಿಂದ ಒಳಪಟ್ಟಿಯ ಕಡೆಗೆ ಅಗಲವಾಗುತ್ತ ಹೋಗುವ ಒಂದು ದಾರಿಯನ್ನು ಕಲ್ಪಿಸಿಕೊಂಡಿದ್ದರು. ಕೈ ಆ ದಾರಿಯೊಳಗೆ ಇರುವ ತನಕ ಬೇರೆ ಏನನ್ನು ತುಳಿದರೂ ಮೆನು ಕಂಡೂ ಕಾಣದಂತಿರಬೇಕು. ವೆಬ್‌ಗೆ ಇದು ಬರಲು ದಶಕಗಳೇ ಹಿಡಿದವು. ಅಮೆಜಾನಿನ ಅಂಗಡಿಯ ದೊಡ್ಡ ಮೆನು ಚೂರೂ ತಡವಿಲ್ಲದೆ, ಚೂರೂ ಮುಗ್ಗರಿಸದೆ ಓಡುವುದನ್ನು ನೋಡಿ ಬೆನ್ ಕಾಮೆನ್ಸ್ ಎಂಬ ಎಂಜಿನಿಯರ್ 2013ರಲ್ಲಿ ಅದರ ಗುಟ್ಟನ್ನು ಬಿಡಿಸಿ ಬರೆದರು. ಗುಟ್ಟು ಒಂದು ತ್ರಿಕೋನ. ಬಾಣ ಈಗಿರುವ ಜಾಗ ಒಂದು ಮೂಲೆ, ಒಳಪಟ್ಟಿಯ ಮೇಲಿನ ತುದಿ ಮತ್ತು ಕೆಳಗಿನ ತುದಿ ಉಳಿದೆರಡು ಮೂಲೆ. ಬಾಣದ ಮುಂದಿನ ಹೆಜ್ಜೆ ಈ ತ್ರಿಕೋನದೊಳಗೆ ಬಿದ್ದರೆ ಆಸಾಮಿ ಒಳಪಟ್ಟಿಗೆ ಹೊರಟಿದ್ದಾನೆ ಎಂದರ್ಥ, ಸುಮ್ಮನಿರು. ಆಚೆ ಬಿದ್ದರೆ ಮನಸ್ಸು ಬದಲಿಸಿದ್ದಾನೆ, ತಕ್ಷಣ ಪಟ್ಟಿ ಬದಲಿಸು. ಹೈಸ್ಕೂಲಿನ ರೇಖಾಗಣಿತ ಇಷ್ಟು ಮಂದಿಯ ರಕ್ತದೊತ್ತಡ ಇಳಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಕೈಯೇ ಬದಲಾಗಿತ್ತು. 2007ರಲ್ಲಿ ಐಫೋನ್ ಬಂದ ಮೇಲೆ ಬಾಣದ ಜಾಗಕ್ಕೆ ಬೆರಳು ಬಂತು. ಬೆರಳು ಸುಳಿಯುವುದಿಲ್ಲ, ಒಂದೋ ಮುಟ್ಟುತ್ತದೆ, ಇಲ್ಲವೇ ಇಲ್ಲ. ಹೋವರ್ ನಂಬಿಕೊಂಡಿದ್ದ ಮೆನುಗಳೆಲ್ಲ ಅನಾಥವಾದವು. ಫೋನಿನ ಬ್ರೌಸರುಗಳು ಮೊದಲ ಸಲ ಮುಟ್ಟಿದರೆ ಸುಳಿದಂತೆ, ಎರಡನೇ ಸಲ ಮುಟ್ಟಿದರೆ ಒತ್ತಿದಂತೆ ಎಂದು ಏನೋ ತೇಪೆ ಹಾಕಿದವು. ಒಮ್ಮೆ ತೆರೆದ ಮೆನುವನ್ನು ಮುಚ್ಚುವುದು ಹೇಗೆ ಎಂದು ತಿಳಿಯದೆ ಜನ ಪುಟದ ಖಾಲಿ ಜಾಗ ಹುಡುಕಿ ತಟ್ಟುತ್ತಿದ್ದರು. ಕೊನೆಗೆ ಎಲ್ಲವೂ ಮೂರು ಅಡ್ಡಗೆರೆಯ ಒಂದು ಗುರುತಿನೊಳಗೆ ಅಡಗಿಕೊಂಡವು. ಹ್ಯಾಂಬರ್ಗರ್ ಎಂದು ಅದಕ್ಕೆ ಅಡ್ಡಹೆಸರು. ಅದೇನೂ ಹೊಸದಲ್ಲ, 1981ರಲ್ಲಿ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ ನಾರ್ಮ್ ಕಾಕ್ಸ್ ಬರೆದಿದ್ದ ಗುರುತು.

ಮೌಸ್ ಹಿಡಿಯಲಾಗದವರು, ಪರದೆ ಕಾಣದವರು ಈ ಕಥೆಯಲ್ಲಿ ಮೊದಲಿನಿಂದಲೂ ಇದ್ದರು, ನಾವು ಅವರನ್ನು ಗಮನಿಸಿರಲಿಲ್ಲ. ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ, ಸಿಎಸ್‌ಎಸ್‌ನಲ್ಲಿ ‘ಡಿಸ್‌ಪ್ಲೇ ನನ್’ ಎಂದು ಅಡಗಿಸಿದ್ದನ್ನು ಓದುವುದಿಲ್ಲ. ಸಕರ್‌ಫಿಶ್ ಮಂದಿ ತಮ್ಮ ಆಮೇಲಿನ ಆವೃತ್ತಿಯಲ್ಲಿ ಒಳಪಟ್ಟಿಯನ್ನು ಹಾಗೆ ಅಡಗಿಸುವ ಬದಲು ಪರದೆಯ ಎಡಕ್ಕೆ ಬಹುದೂರ ತಳ್ಳಿದ್ದು ಈ ಕಾರಣಕ್ಕೆ. ಅದರಲ್ಲೂ ಒಂದು ತೊಡಕಿತ್ತು. ಟ್ಯಾಬ್ ಕೀಲಿ ಒತ್ತುತ್ತ ಹೋಗುವವರಿಗೆ ಅರವತ್ತು ಲಿಂಕು ಕಾಣದಂತೆ ಅಡ್ಡ ಬರುತ್ತಿದ್ದವು, ಬೇಕಾದ ಪುಟ ಸಿಗುವ ಹೊತ್ತಿಗೆ ಬೆರಳು ಸೋಲುತ್ತಿತ್ತು. 2018ರ ಜೂನಿನಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಡಬ್ಲ್ಯುಸಿಎಜಿ 2.1, ಈ ಜಾತಿಯ ವಸ್ತುಗಳಿಗೇ ಒಂದು ನಿಯಮ ಬರೆಯಿತು. ಸುಳಿದರೆ ತೆರೆಯುವುದನ್ನು ಮೌಸ್ ಅಲುಗಿಸದೆ ಮುಚ್ಚಲು ಬರಬೇಕು, ತೆರೆದದ್ದರ ಮೇಲೆ ಬಾಣ ಸರಿಸಿದರೆ ಅದು ಮಾಯವಾಗಬಾರದು, ಬಳಸುವವರು ಬಿಡುವ ತನಕ ತಾನಾಗಿ ಮುಚ್ಚಬಾರದು. ಮೂರನ್ನೂ ಓದುವಾಗ ನನಗೆ ನಮ್ಮ ಹಳೆಯ ಮೆನುವಿನ ದೋಷಾರೋಪ ಪಟ್ಟಿ ಓದಿದಂತಾಯಿತು.

ಈಗ ಕಾಲ ಸುಧಾರಿಸಿದೆ. ಒಂದು ಗುಂಡಿ, ಅದಕ್ಕೆ ತೆರೆದಿದೆಯೋ ಮುಚ್ಚಿದೆಯೋ ಎಂದು ಸ್ಕ್ರೀನ್ ರೀಡರಿಗೆ ತಿಳಿಸುವ ‘ಏರಿಯಾ ಎಕ್ಸ್‌ಪ್ಯಾಂಡೆಡ್’ ಎಂಬ ಗುರುತು, ಕೆಳಗೊಂದು ಪಟ್ಟಿ. ಪಟ್ಟಿಗೆ ‘ಪಾಪ್‌ಓವರ್’ ಎಂಬ ಒಂದೇ ಪದ ಸೇರಿಸಿದರೆ ಬ್ರೌಸರ್ ತಾನೇ ಅದನ್ನು ಎಲ್ಲಕ್ಕಿಂತ ಮೇಲೆ ತಂದು ನಿಲ್ಲಿಸುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ, ಹೊರಗೆಲ್ಲೋ ತಟ್ಟಿದರೂ ಮುಚ್ಚುತ್ತದೆ. ಕ್ರೋಮ್ ಮತ್ತು ಸಫಾರಿ 2023ರಲ್ಲಿ, ಫೈರ್‌ಫಾಕ್ಸ್ 2024ರ ಏಪ್ರಿಲಿನಲ್ಲಿ ಇದನ್ನು ತಂದವು. ಝಡ್-ಇಂಡೆಕ್ಸ್ ಜಗಳವಿಲ್ಲ, ಚಾಪೆಯಿಲ್ಲ. ನೀಲಿ ಇ ತನ್ನ ಕೊನೆಯ ಅವತಾರವಾದ ಎಕ್ಸ್‌ಪ್ಲೋರರ್ 11ರೊಂದಿಗೆ 2022ರ ಜೂನ್ 15ರಂದು ನಿವೃತ್ತಿಯಾಯಿತು. ಸುಳಿದರೆ ತೆರೆಯುವ ಮೆನು ಮಾಡಿಕೊಡಿ ಎಂದು ಯಾರಾದರೂ ಈಗ ಕೇಳಿದರೆ ನಾನು ಒಪ್ಪುವುದಿಲ್ಲ. ಒತ್ತಿದರೆ ತೆರೆಯಲಿ. 1983ರಲ್ಲೇ ಅದು ಸರಿಯಾಗಿತ್ತು.

ಮಲೆನಾಡಿನ ಕಾಲೇಜಿನ ಮೆನು ಸರಿಹೋದದ್ದು ನಾಲ್ಕನೇ ವಾರಕ್ಕೆ. ಚಾಪೆ ಹಾಸಿದೆವು, ಒತ್ತಕ್ಷರಕ್ಕೆ ಜಾಗ ಕೊಟ್ಟೆವು, ಮುಚ್ಚುವುದನ್ನು ಅರ್ಧ ಸೆಕೆಂಡು ತಡೆದೆವು. ‘ಪರೀಕ್ಷೆ’, ಅದರೊಳಗೆ ‘ಫಲಿತಾಂಶ’, ಅದರೊಳಗೆ ವರ್ಷ. ಎರಡು ಬ್ರೌಸರಿನಲ್ಲೂ ಬೆಣ್ಣೆಯಂತೆ ಇಳಿಯುತ್ತಿತ್ತು. ಫಲಿತಾಂಶದ ಹಿಂದಿನ ದಿನ ಗುಮಾಸ್ತರ ಫೋನು ಬಂತು.

"ಸಾರ್, ಮೆನು ಚೆನ್ನಾಗಿದೆ, ಇರಲಿ. ನಾಳೆ ರಿಸಲ್ಟು. ಮಕ್ಕಳಿಗೆ ಮೆನು ಒಳಗೆಲ್ಲ ಹುಡುಕೋಕಾಗಲ್ಲ. ಮೇಲೆ ಒಂದು ಸಾಲು ಓಡೋ ಹಾಗೆ ಹಾಕಿಬಿಡಿ. ಪಕ್ಕದಲ್ಲಿ ಮಿಣಮಿಣ ಅನ್ನೋ ಒಂದು ‘ನ್ಯೂ’ ಇರಲಿ."

ಓಡುವ ಸಾಲು ಅಂದರೆ ಮಾರ್ಕೀ. ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರಿಗಾಗಿ ಹುಟ್ಟುಹಾಕಿದ್ದು, ಆಗಿನ ಎಚ್‌ಟಿಎಂಎಲ್ ನಿಯಮಗಳಲ್ಲಿ ಅದಕ್ಕೆ ಜಾಗವಿರಲಿಲ್ಲ, ಈಗಿನ ನಿಯಮ ಬಳಸಬೇಡಿ ಎನ್ನುತ್ತದೆ. ಹಲ್ಲು ಕಚ್ಚಿಕೊಂಡು ಹಾಕಿದೆ. ಎಕ್ಸ್‌ಪ್ಲೋರರಿನಲ್ಲಿ ಓಡಿತು. ಫೈರ್‌ಫಾಕ್ಸಿನಲ್ಲಿ ನೋಡಿದೆ, ಅಲ್ಲೂ ಓಡಿತು. ಈ ಲೇಖನ ಬರೆಯುವ ಮೊದಲು ಫೋನಿನ ಕ್ರೋಮ್‌ನಲ್ಲಿ ಅದೇ ಒಂದು ಸಾಲನ್ನು ಹಾಕಿ ನೋಡಿದೆ. ಒಂದಕ್ಷರವೂ ಬದಲಿಸಬೇಕಾಗಲಿಲ್ಲ, ಬಲದಿಂದ ಎಡಕ್ಕೆ ಸರಾಗವಾಗಿ ಓಡುತ್ತಿತ್ತು.